ರಾಶಿಯ ಮುಂದೆ ಆಡಿದ ಮಾತು

ಚನ್ನರಾಯನದುರ್ಗದ ಹತ್ತಿರ ನಮ್ಮ ಅಜ್ಜಿಗೆ ತವರಿನಿಂದ ಬಂದ ಹೊಲವೊಂದಿತ್ತು. ಪಹಣಿಯಲ್ಲಿ ಅವಳೊಬ್ಬಳದೇ ಹೆಸರು. ಅದರಲ್ಲಿ ಉತ್ತು ಬಿತ್ತಿ, ಕಳೆ ಕಿತ್ತು ರಾಗಿ ಬೆಳೆಯುತ್ತಿದ್ದವಳು ಮಾತ್ರ ನನ್ನ ಚಿಕ್ಕಮ್ಮ. ಚಿಕ್ಕಪ್ಪ ಮದುವೆಯಾದ ಎರಡನೇ ವರ್ಷವೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಚಿಕ್ಕಮ್ಮ ಅತ್ತೆಯನ್ನು ಬಿಟ್ಟು ಹೋಗಲಿಲ್ಲ.

ಸುಗ್ಗಿಯಲ್ಲಿ ರಾಶಿ ಪೂಜೆ ಮಾಡಿ, ಮೊದಲ ಮೊರ ರಾಗಿಯನ್ನು ಅಜ್ಜಿ ಚಿಕ್ಕಮ್ಮನ ಸೆರಗಿಗೆ ಸುರಿಯುತ್ತಿದ್ದಳು. ನೆರೆದವರಿಗೆಲ್ಲ ಕೇಳುವಂತೆ, "ಈ ಹೊಲ ನನ್ ಸೊಸೇದು ಕಣ್ರಪ್ಪಾ, ನಾ ಸತ್ ಮೇಲೂ ಅವಳ್ದೇ" ಅನ್ನುತ್ತಿದ್ದಳು. ಎಲ್ಲರೂ ಹೂಂಗುಟ್ಟುತ್ತಿದ್ದರು. ರಾಶಿಯ ಮುಂದೆ ಆಡಿದ ಮಾತಿಗೆ ಕಾಗದ ಯಾಕೆ ಬೇಕು ಎಂದೇ ಊರಿನ ಲೆಕ್ಕ.

ಅಜ್ಜಿಗೇ ಯಾಕೋ ಅನುಮಾನ ಬಂದಿತ್ತು. ನಾನು ಮಧುಗಿರಿಯಲ್ಲಿ ಮೇಷ್ಟ್ರು. ಒಂದು ಭಾನುವಾರ ಹೋಗಿದ್ದಾಗ ಹತ್ತಿರ ಕೂರಿಸಿಕೊಂಡು, "ಅದೇನೋ ಉಯಿಲು ಅಂತಾರಲ್ಲ, ಅದೊಂದು ಬರೆಸ್ಬುಡ್ಲಾ" ಅಂದಳು.

"ಸಾಯೋ ಮಾತು ಈಗ್ಯಾಕಜ್ಜಿ? ಇನ್ನೂ ನೂರು ವರ್ಷ ಇರ್ತೀಯ ಬುಡು" ಎಂದು ನಕ್ಕು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದೆ.

ಆ ಮಳೆಗಾಲದಲ್ಲೇ ಅಜ್ಜಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಗುರುತೂ ಹೋಯಿತು. ಆಗ ಎದ್ದುಬಿದ್ದು ಕೊರಟಗೆರೆಯಿಂದ ಪತ್ರ ಬರೆಯುವವರನ್ನು ಕರೆತಂದೆ. ಅವರು ಅಜ್ಜಿಯ ಮುಖ ನೋಡಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. "ಬುದ್ಧಿ ಸ್ವಾಧೀನದಲ್ಲಿ ಇರ್ಬೇಕು ಸಾರ್. ಹೆಬ್ಬೆಟ್ಟು ಒತ್ತಿಸ್ಕೊಂಡ್ರೆ ಅದು ಉಯಿಲಾಗಲ್ಲ, ಮೋಸ ಆಗ್ತದೆ." ಹಾಸಿಗೆ ಹಿಡಿದ ಅಜ್ಜಿಯ ಮಲಮೂತ್ರ ಬಳಿದವಳೂ ಚಿಕ್ಕಮ್ಮನೇ.

ಅಜ್ಜಿ ಹೋದ ಮೇಲೆ ಖಾತೆ ಬದಲಿಸಲು ವಂಶವೃಕ್ಷ ಬರೆಯಬೇಕಿತ್ತು. ಗ್ರಾಮ ಲೆಕ್ಕಿಗರು ಜಗಲಿಯಲ್ಲಿ ಕುಳಿತು ಚಿಕ್ಕಮ್ಮ ಕೊಟ್ಟ ಕಾಫಿ ಕುಡಿಯುತ್ತಲೇ, ಚಿಕ್ಕಪ್ಪನ ಹೆಸರಿನ ಮುಂದೆ 'ಮರಣ, ಮಕ್ಕಳಿಲ್ಲ' ಎಂದು ಬರೆದರು. ಹೆಂಗಸಿನ ಆಸ್ತಿ ಅವಳ ಮಕ್ಕಳಿಗಂತೆ. ಮಕ್ಕಳಿಲ್ಲದ ವಿಧವೆ ಸೊಸೆ ಆ ಪಟ್ಟಿಯಲ್ಲೇ ಇಲ್ಲವಂತೆ. ಉಳಿದ ಒಬ್ಬನೇ ಮಗ ನನ್ನಪ್ಪ. ಎಂಥಾ ಕಾನೂನು ಇದು? ಹೊಲಕ್ಕೂ ಅಜ್ಜಿಯ ಹಾಸಿಗೆಗೂ ಆದ ಸೊಸೆ ಕಾಗದಕ್ಕೆ ಯಾಕೆ ಆಗುವುದಿಲ್ಲ? ನನಗೆ ಮೈಯೆಲ್ಲ ಉರಿಯಿತು. ವರ್ಷ ವರ್ಷ ಹೂಂಗುಟ್ಟಿದ್ದ ಹಿರಿಯರು ಅಲ್ಲೇ ಕುಳಿತಿದ್ದರು. "ನೀವೆಲ್ಲ ಕೇಳಿಸ್ಕೊಂಡಿರಲಿಲ್ವಾ?" ಎಂದು ಕೂಗಾಡಿದೆ. ಒಬ್ಬರು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು.

"ಅವಳಿಗೆ ಊಟ ಬಟ್ಟೆಗೆ ನಾನೇನು ಕಮ್ಮಿ ಮಾಡ್ತೀನೇನ್ಲಾ?" ಅಂದ ಅಪ್ಪ. ತಾನು ಬೆಳೆದ ರಾಗಿಯನ್ನೇ ಇನ್ನು ಅವಳು ಅಪ್ಪನ ದಯೆಯಿಂದ ಉಣ್ಣಬೇಕು!

ಈ ಸಲದ ಸುಗ್ಗಿಗೆ ಹೋಗಿದ್ದೆ. ರಾಶಿ ಪೂಜೆ ಅಪ್ಪನೇ ಮಾಡಿದ. ಮೊರ ತುಂಬಿದ್ದೇ ತಡ, ಚಿಕ್ಕಮ್ಮ ರೂಢಿಯಂತೆ ಮುಂದೆ ಬಂದು ಸೆರಗೊಡ್ಡಿದಳು. ಅಪ್ಪ ರಾಗಿಯನ್ನು ಚೀಲಕ್ಕೆ ಸುರಿದ. ಚಿಕ್ಕಮ್ಮ ಆ ಸೆರಗಿನಿಂದಲೇ ಮುಖ ಒರೆಸಿಕೊಂಡು ಪಕ್ಕಕ್ಕೆ ಸರಿದಳು.

ನನಗೆ ತಡೆಯಲಾಗಲಿಲ್ಲ. "ಅಪ್ಪಾ, ಹೊಲಾನ ಚಿಕ್ಕಮ್ಮನ ಹೆಸರಿಗೆ ಮಾಡು. ಈಗ ಆಗಲ್ಲ ಅಂದ್ರೆ ಒಂದು ಉಯಿಲಾದ್ರೂ ಬರಿ" ಅಂದೆ.

ಅಪ್ಪ ಚೀಲದ ಬಾಯಿ ಕಟ್ಟುತ್ತಾ ನಕ್ಕ. "ಸಾಯೋ ಮಾತು ಈಗ್ಯಾಕ್ಲಾ? ಇನ್ನೂ ನೂರು ವರ್ಷ ಇರ್ತೀನಿ ಬುಡು."

ನಾನು ಬಾಯಿ ತೆರೆದೆ. ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು. ಅಜ್ಜಿಗೆ ನಾನು ಆ ಮಾತು ಹೇಳಿದಾಗಲೂ ಅವಳು ಅಲ್ಲೇ ಬಾಗಿಲಲ್ಲಿ ನಿಂತಿದ್ದಳು.