ಬೇಸಿನ್ ಮೇಲೆ ಅಂಟಿಸಿದ ಚಿತ್ರ

ಭೂಮಾಪನ ಕಚೇರಿಯಲ್ಲಿ ನಕ್ಷೆಗಳ ಪ್ರತಿ ತೆಗೆಯುವ ಕೆಲಸ ಅವಳದು. ಎಲ್ಲರಿಗೂ ಅವಳು ‘ನಕ್ಷೆ ಅಕ್ಕ’. ಹತ್ತೊಂಬತ್ತು ವರ್ಷದಿಂದ ಅವಳ ಮೇಜು ಕೈ ತೊಳೆಯುವ ಬೇಸಿನ್ನಿನ ಪಕ್ಕದಲ್ಲೇ ಇತ್ತು. ಚೆನ್ನಾಗಿ ಬೆಳಕು ಬೀಳುವ ಕಿಟಕಿ ಇದ್ದದ್ದು ಅಲ್ಲಿ ಮಾತ್ರ.

ಬೆಳಕಿನ ಜೊತೆಗೆ ಬೇರೆಯವೂ ಬೀಳುತ್ತಿದ್ದವು. ಊಟವಾದ ಮೇಲೆ ಗಂಡಸರೆಲ್ಲ ಸಾಲಾಗಿ ಬಂದು ಗಂಟಲಿನ ತಳದಿಂದ ಖ್ಯಾಕರಿಸುವರು, ಗುಳುಗುಳು ಮುಕ್ಕಳಿಸುವರು, ಎರಡು ಬೆರಳು ನಾಲಿಗೆಯ ಬುಡಕ್ಕೆ ತೂರಿಸಿ ‘ವ್ಯಾ’ ಎನ್ನುವರು. ಡಬ್ಬಿಯ ತಳದಲ್ಲಿ ಉಳಿದದ್ದು ಬೇಸಿನ್ನಿನ ಜಾಲರಿಯಲ್ಲಿ ಉಬ್ಬಿಕೊಂಡು ಕೂರುತ್ತಿತ್ತು. ಅದರ ಮೇಲೆ ಯಾರದೋ ಬಾಚಣಿಗೆಯ ಕೂದಲು. ಅಕ್ಕ ತನ್ನ ಡಬ್ಬಿ ತೆರೆದು ಎರಡು ತುತ್ತು ತಿಂದು ಮುಚ್ಚಿಬಿಡುವಳು.

ಒಂದು ಮಧ್ಯಾಹ್ನ ಸರ್ವೇಯರ್ ಕೈ ತೊಳೆದವನು ಒರೆಸಿಕೊಳ್ಳುವ ಬದಲು ಕೊಡವಿದ. ನಾಲ್ಕು ದಿನ ಬಗ್ಗಿ ಬರೆದ ನಕ್ಷೆಯ ಮೇಲೆ ಹನಿ ಬಿದ್ದು ಶಾಯಿ ಕದಡಿತು. ಕೆರೆಯೊಂದು ಪಕ್ಕದ ರಸ್ತೆಗೆ ನುಗ್ಗಿತು.

“ಅಯ್ಯೋ, ನಾಲ್ಕು ಹನಿ ತಾನೆ ಅಕ್ಕಾ, ಒಣಗುತ್ತೆ ಬಿಡಿ.”

ಹನಿಯೊಂದರಲ್ಲಿ ಹಳದಿ ಚೂರೊಂದು ತೇಲುತ್ತಿತ್ತು. ಅಕ್ಕ ಅದನ್ನು ಬ್ಲೇಡಿನ ತುದಿಯಿಂದ ಎತ್ತಿ ಎಸೆದಳು. ಹಾಳಾದ ಹಾಳೆಯನ್ನು ಮಗುಚಿ, ಅದೇ ಪೆನ್ನಿನಿಂದ ಚಿತ್ರ ಬರೆಯತೊಡಗಿದಳು: ಬೇಸಿನ್ನಿಗೆ ಹೊಟ್ಟೆ ಆನಿಸಿ, ಮೊಣಕೈವರೆಗೂ ಕೈಯನ್ನು ಬಾಯೊಳಗೆ ತೂರಿಸಿ, ಒಳಗಿನದನ್ನೆಲ್ಲ ಎಳೆದು ಹಾಕುತ್ತಿರುವ ಗಂಡಸು. ಮೊರದಗಲ ಕಿವಿ. ಬೇಸಿನ್ನಿನಲ್ಲಿ ಕೂದಲು, ಹಲ್ಲುಕಡ್ಡಿ, ಅರ್ಧ ಅಗಿದದ್ದು. ಮುಖ ಮಾತ್ರ ಗೋಡೆಯ ಕಡೆಗಿತ್ತು. ಆ ಚಿತ್ರವನ್ನು ನಲ್ಲಿಯ ಮೇಲಿನ ಗೋಡೆಗೆ ಅಂಟಿಸಿದಳು.

ಕಚೇರಿಗೆ ಕಚೇರಿಯೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸರ್ವೇಯರ್. “ನಮ್ಮ ಹೆಡ್ ಕ್ಲಾರ್ಕೇ ಇದು! ಅಚ್ಚು ಹಾಕಿದ ಹಾಗಿದೆ!”

ಸಂಜೆ ಕ್ಯಾಷಿಯರ್ ಮೆಲ್ಲಗೆ ಬಂದ. “ಅಕ್ಕಾ, ನನ್ನ ಕಿವಿ ಅಷ್ಟೊಂದು ದೊಡ್ಡದಾ? ನಾಳೆ ನಮ್ಮನೆಯವಳು ಇಲ್ಲಿಗೆ ಬರ್ತಾಳೆ. ತೆಗೆದುಬಿಡಿ.”

ಅವನ ಬೆನ್ನಿಗೇ ಹೆಡ್ ಕ್ಲಾರ್ಕ್ ಬಂದ. “ಹಿಂದಿನಿಂದ ನೋಡಿದ್ರೂ ನಾನೇ ಅಂತ ಗೊತ್ತಾಗುತ್ತೆ. ಕಫ ಕಟ್ಟುತ್ತಮ್ಮಾ, ಏನ್ಮಾಡ್ಲಿ?”

“ಅದು ನೀವಲ್ಲ ಸಾರ್.”

“ಮತ್ತ್ಯಾರು?”

ಅಕ್ಕ ಸರ್ವೇಯರನ ಖಾಲಿ ಕುರ್ಚಿಯ ಕಡೆ ನೋಡಿದಳು. ಹೆಡ್ ಕ್ಲಾರ್ಕನ ಮುಖ ಅರಳಿತು. “ಅವನಾ? ಹಾಗಾದ್ರೆ ಇರಲಿ ಬಿಡಿ!”

ಮರುದಿನ ಹೆಡ್ ಕ್ಲಾರ್ಕ್ ಆ ಚಿತ್ರದ ಕೆಳಗೇ ನಿಂತು ಎರಡು ಪಟ್ಟು ಜೋರಾಗಿ ಖ್ಯಾಕರಿಸಿದ. ಮುಗಿಸಿ, ಒದ್ದೆ ಕೈಯಿಂದ ಚಿತ್ರದ ಬೆನ್ನು ತಟ್ಟಿ “ಭಲೇ ಅಕ್ಕಾ!” ಎಂದ. ಉಳಿದವರು ಮತ್ತೆ ನಕ್ಕರು. ಅಕ್ಕನಿಗೆ ಅವರ ಕಫಕ್ಕಿಂತ ಅವರ ನಗುವೇ ಹೆಚ್ಚು ಲೋಳೆಲೋಳೆಯಾಗಿ ಕಂಡಿತು.

ಎದ್ದವಳೇ ಮೇಜನ್ನು ಕರಕರ ಎಳೆಯುತ್ತಾ ದಾಖಲೆ ಕೋಣೆಯ ಕಡೆ ಹೊರಟಳು.

“ಯಾರನ್ನ ಕೇಳಿ ಎಳೀತಿದೀರಿ?” ಎಂದ ಹೆಡ್ ಕ್ಲಾರ್ಕ್.

“ಯಾರನ್ನೂ ಕೇಳಿಲ್ಲ ಸಾರ್. ಆ ಕಡೆ ಸ್ವಲ್ಪ ಹಿಡ್ಕೊಳ್ಳಿ. ಮೊದಲು ಕೈ ಒರೆಸ್ಕೊಳ್ಳಿ.”

ಅವನು ಪೆಚ್ಚಾಗಿ ಪ್ಯಾಂಟಿಗೆ ಕೈ ಒರೆಸಿಕೊಂಡು ಹಿಡಿದ.

ಆ ಕೋಣೆಗೆ ಕಿಟಕಿಯಿರಲಿಲ್ಲ. ಕಪಾಟಿನ ಸಂದಿಯಲ್ಲಿ ಇಲಿ ಹಿಕ್ಕೆಯ ರಾಶಿ. ಅಕ್ಕನಿಗೆ ಅದರಿಂದ ಅಷ್ಟೇನೂ ಹೇಸಿಗೆಯಾಗಲಿಲ್ಲ. ರಟ್ಟಿನಿಂದ ಬಳಿದು ಹೊರಹಾಕಿ, ಬಾಗಿಲು ಮುಚ್ಚಿಕೊಂಡಳು. ಟ್ಯೂಬ್‌ಲೈಟಿನ ಬೆಳಕಲ್ಲಿ ಇನ್ನೂ ಎಂಟು ವರ್ಷ ಅಲ್ಲೇ ನಕ್ಷೆ ಬರೆದಳು.

ನಿವೃತ್ತಿಯ ದಿನ ಎಲ್ಲರೂ ಕೈ ಕುಲುಕಲು ಸಾಲಾಗಿ ನಿಂತರು. ಅಕ್ಕ ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು, ತಲೆಯಾಡಿಸುತ್ತಾ ಹೊರಟುಹೋದಳು.