ಮುಚ್ಚಿದ ದವಾಖಾನೆಯ ಪೂರ್ವದ ಬಾಗಿಲು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಎಂಬತ್ತರ ದಶಕದ ಆರಂಭ. ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದೆ. ಹಳೆಯ ಕಟ್ಟಡಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಕೆಡವಬಹುದು ಎಂದು ವರದಿ ಕೊಡುವ ಕೆಲಸ ಬಿದ್ದಿತ್ತು. ದೇವದುರ್ಗ, ಮಾನ್ವಿ ಮುಗಿಸಿ, ನಿದ್ದೆಗೆಟ್ಟು, ಮೈತುಂಬ ಬಸ್ಸಿನ ಧೂಳು ಹೊತ್ತು ರಾಯಚೂರಿನ ಹೊರವಲಯದ ಒಂದು ಚರ್ಚಿನ ಆವರಣಕ್ಕೆ ಬಂದೆ. ಚರ್ಚಿಗೆ ಅಪಾಯವಿರಲಿಲ್ಲ. ಅದರ ಹಿಂದೆ ಮುಚ್ಚಿಹೋಗಿದ್ದ ದವಾಖಾನೆಯನ್ನು ಕೆಡವುವ ಮಾತಿತ್ತು. ‘ಕೆಡವಬಹುದು’ ಎಂದು ಬರೆದು ಬೇಗ ಮನೆ ಸೇರುವ ಆಸೆ ನನ್ನದು.

ಆವರಣ ನೋಡಿಕೊಳ್ಳುತ್ತಿದ್ದ ಮರಿಯಮ್ಮ ಎಂಬ ಮುದುಕಿ ಬೀಗ ತೆಗೆದರು. “ನಾ ಹುಟ್ಟಿದ್ದು ಇದೇ ಖೋಲ್ಯಾಗ್ರೀ. ಸುತ್ತ ಹಳ್ಳ್ಯಾಗಿನ ಎಲ್ಲಾ ಜಾತಿ ಮಂದಿ ಇಲ್ಲೇ ಹುಟ್ಯಾರ. ಅದನ್ನೂ ಬರಕೋರಿ” ಎಂದರು. ಅದನ್ನು ಬರೆಯಲು ನನ್ನ ಫಾರಮ್ಮಿನಲ್ಲಿ ಜಾಗವಿರಲಿಲ್ಲ.

ಮಧ್ಯಾಹ್ನ ಒಬ್ಬನೇ ಅಳೆಯುತ್ತಿದ್ದೆ. ಬಾಯಾರಿ, ಪೂರ್ವದ ಬಾಗಿಲಿನಿಂದ ಹಿಂದಿನ ಅಂಗಳಕ್ಕಿಳಿದೆ. ಅಲ್ಲಿದ್ದ ಹೆಂಗಸೊಬ್ಬಳು ನನ್ನ ಬೊಗಸೆಗೆ ನೀರು ಹಾಕಿದಳು. ಎದೆಯ ಮೇಲೆಲ್ಲ ಚೆಲ್ಲಿಕೊಂಡು ಕುಡಿದು, ಬಂದು ನಕ್ಷೆ ಮುಗಿಸಿದೆ.

ಹೊರಡುವಾಗ, ಪೂರ್ವದ ಬಾಗಿಲಾಚೆ ನೀರು ಹಾಕಿದ ಆಕೆ ಯಾರೆಂದು ಮರಿಯಮ್ಮನನ್ನು ಕೇಳಿದೆ.

“ಯಾವ ಬಾಗಿಲಾ ಯಪ್ಪಾ? ಆ ಕಡೀಗೆ ಬರೇ ಗ್ವಾಡಿ ಅದ.”

ತಿರುಗಿ ನೋಡಿದೆ. ಸುಣ್ಣ ಬಳಿದ ಗೋಡೆ. ಕೈಯಲ್ಲಿದ್ದ ನಕ್ಷೆಯಲ್ಲಿ ಮಾತ್ರ ಬಾಗಿಲಿತ್ತು, ನನ್ನದೇ ಅಕ್ಷರದಲ್ಲಿ ಅದರ ಅಗಲವೂ ಎತ್ತರವೂ ಇದ್ದವು. ನಕ್ಷೆ ತೋರಿಸಿ, ನೀರು ಕುಡಿದದ್ದನ್ನು ಹೇಳಿದೆ. ಮರಿಯಮ್ಮ ನನ್ನ ಎದೆ ಮುಟ್ಟಿ ನೋಡಿದರು. “ಅಂಗಿ ಹಸೀ ಆಗ್ಯಾದಲ್ರೀ!”

ಅವರೇ ಸಲಾಕೆ ತಂದು ಗಾರೆ ಕೆರೆದರು. ಒಳಗೆ ಇಟ್ಟಿಗೆ ತುಂಬಿ ಮುಚ್ಚಿದ ಕಲ್ಲಿನ ಕಮಾನು ಕಂಡಿತು. ಟೇಪು ಹಿಡಿದೆ. ನಕ್ಷೆಯ ಅಳತೆಗೂ ಇದಕ್ಕೂ ಹೆಚ್ಚುಕಡಿಮೆ ಇರಲಿಲ್ಲ.

“ಎಪ್ಪತ್ತು ದಾಟ್ಯಾವ ನನಗ. ಈ ಬಾಗಿಲಾ ನಾ ಕಂಡೇ ಇಲ್ಲ” ಎಂದು ಅವರು ಶಿಲುಬೆಯ ಗುರುತು ಮಾಡಿಕೊಂಡರು.

‘ಪ್ರಾಚೀನ ಕಮಾನು ಇದೆ, ಉಳಿಸತಕ್ಕದ್ದು’ ಎಂದು ಬರೆದೆ. ಕಟ್ಟಡ ಉಳಿಯಿತು. ಕಮಾನು ಹೇಗೆ ತಿಳಿಯಿತೆಂದು ಯಾರೂ ಕೇಳಲಿಲ್ಲ.

ದಣಿವಿನ ಭ್ರಮೆ ಎನ್ನುತ್ತಾಳೆ ನನ್ನ ಹೆಂಡತಿ. ಇರಬಹುದು. ಆಮೇಲೆ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇನೆ. ಚರ್ಚಿನ ನಿಲ್ದಾಣ ಬಂದಾಗ ಎದ್ದು ನಿಲ್ಲುತ್ತೇನೆ, ಬಸ್ಸು ಹೊರಟಾಗ ಮತ್ತೆ ಕುಳಿತುಕೊಳ್ಳುತ್ತೇನೆ. ಇಳಿದು ಏನು ಕೇಳಬೇಕೆಂಬುದು ಇಂದಿಗೂ ತಿಳಿದಿಲ್ಲ.