ಜೊಂಡಿನಲ್ಲಿ ಕೂಗಿದ ಬಾತು

ಜೊಂಡಿನೊಳಗೆ ಕುಕ್ಕರಿಸಿ ಕೂತು ಬಾತುಕೋಳಿಯಂತೆ ಕೂಗಿದ ದಡ್ಡ ನಾನೇ. ಅಕ್ಕಿ ಮಿಲ್ಲಿನ ಮಾಲೀಕ ಬೆನ್ನು ತಟ್ಟಿದ, ಕೂಗಿದೆ. ಹೊಗಳಿದರೆ ನಾನು ಕತ್ತೆಯಂತೆಯೂ ಒದರುತ್ತೇನೆ. ಅದಕ್ಕೆ ಅಭ್ಯಾಸವೂ ಬೇಕಿಲ್ಲ.

ನಮ್ಮ ವಿಜ್ಞಾನದ ಟೀಚರ್ ಪ್ರತಿ ಜನವರಿಯಲ್ಲಿ ಮಾನ್ವಿಯಿಂದ ಸ್ಕೂಟಿ ಮೇಲೆ ಸಿರವಾರದ ಕಡೆಯ ಈ ಕೆರೆಗೆ ಬಂದು, ಕಾಡುಹಕ್ಕಿ, ಕಾಡುಪ್ರಾಣಿಗಳ ಲೆಕ್ಕ ಹಿಡಿಯುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, ದುರ್ಬೀನು ಕಣ್ಣಿಗೊತ್ತಿ, ಪಕ್ಕದವರಿಗೆ "ಬಾಯಿ ಮುಚ್ರಿ, ಕಣ್ಣು ತಗೀರಿ" ಎನ್ನುವರು. ಆ ಮಾತನ್ನು ಅವರದೇ ದನಿಯಲ್ಲಿ ಹೇಳಿ ನಾನು ಎಷ್ಟು ಚಹಾ ಗಿಟ್ಟಿಸಿದ್ದೇನೋ.

ಹಿಂದಿನ ಚಳಿಗಾಲ ನೀರೇ ಕಾಣದಷ್ಟು ಬಾತು ಇಳಿದಿದ್ದ ಕೆರೆ ಆ ವರ್ಷ ಮಿಲ್ಲಿನ ಹೊಲಸು ಕುಡಿದು ಕಪ್ಪಗೆ ನಾರುತ್ತಿತ್ತು. ಹಕ್ಕಿ ಇಲ್ಲವೆಂದು ಟೀಚರ್ ಬರೆದರೆ ರಾಯಚೂರಿನಿಂದ ತಪಾಸಣೆಗೆ ಸಾಹೇಬರು ಬರುತ್ತಾರೆಂಬ ಅಂಜಿಕೆ ಮಾಲೀಕನಿಗೆ.

ನಾನು ಕೂಗಿದ ಕೂಡಲೇ ಕೆರೆ ಏರಿಯ ಮೇಲೆ ಟೀಚರ್ ಪಕ್ಕ ನಿಂತಿದ್ದ ಅವನು, "ಕೇಳಿದ್ರಿಲ್ರೀ ಟೀಚರ್? ಜೊಂಡಿನಾಗ ಬಾತು ತುಂಬ್ಯಾವ. ಬರ್ಕೊಳ್ರಿ," ಎಂದ.

ಟೀಚರ್ ಮಣ್ಣಿನ ಹೆಂಟೆಯೊಂದನ್ನೆತ್ತಿ ಜೊಂಡಿಗೆ ಬೀಸಿದರು. "ಯವ್ವಾ" ಎಂದು ಎದ್ದು ನಿಂತೆ, ಮೊಣಕಾಲತನಕ ಕಪ್ಪು ರಾಡಿ. ಸುತ್ತ ಸತ್ತ ಮೀನು ತೇಲುತ್ತಿದ್ದವು. ಟೀಚರ್ ಲೆಕ್ಕದ ಪುಸ್ತಕ ತೆಗೆದರು.

"ಹುಡುಗಾಟಕಿ ಮಾಡ್ಯಾನ, ಬಿಡ್ರಿ. ಈಗ ಏನಂತ ಬರೀತೀರಿ?" ಮಾಲೀಕ ಮೆತ್ತಗೆ ಕೇಳಿದ.

"ಕಂಡದ್ದ ಬರೀತೀನ್ರಿ. ಹಕ್ಕಿ ಒಂದೂ ಇಲ್ಲ. ಕಾಡುಪ್ರಾಣಿ ಎರಡು. ಒಂದು ಜೊಂಡಿನಾಗ, ಒಂದು ಏರಿ ಮ್ಯಾಲ."